ಎಚ್‌ಐವಿ ಭಯ: ಸಂಪರ್ಕದ ನಂತರ ಮೊದಲ ಗಂಟೆಯಿಂದ 90ನೇ ದಿನದವರೆಗೆ ಏನು ಮಾಡಬೇಕು

ಹೆಚ್ಚಿನವರು ಎಡವುವುದು ಕ್ರಮದಲ್ಲಿ. ಸೋಂಕು ತಡೆಯುವ ಮಾತ್ರೆ ಕೆಲಸ ಮಾಡುವ ಮೊದಲ ಮೂರು ದಿನಗಳನ್ನು ಮೊಬೈಲಿನಲ್ಲಿ ಲಕ್ಷಣ ಹುಡುಕುತ್ತಾ ಕಳೆಯುತ್ತಾರೆ. ಐದನೇ ದಿನ ಲ್ಯಾಬಿಗೆ ಓಡುತ್ತಾರೆ. ಅಷ್ಟು ಬೇಗ ಯಾವ ಟೆಸ್ಟಿಗೂ ಏನೂ ಕಾಣಿಸುವುದಿಲ್ಲ. ಕೊನೆಗೆ ಮೂರು ತಿಂಗಳ ಟೆಸ್ಟ್ ನೆಗೆಟಿವ್ ಬಂದ ಮೇಲೂ ನಂಬಿಕೆ ಬರದೆ ಆರನೇ ಸಲ, ಏಳನೇ ಸಲ ರಕ್ತ ಕೊಡುತ್ತಾರೆ. ಬೇಗ ಮಾಡಬೇಕಾದ್ದು ತಡವಾಗುತ್ತದೆ, ಕಾದು ಮಾಡಬೇಕಾದ್ದು ಬೇಗ ಆಗಿಬಿಡುತ್ತದೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಈಗಾಗಲೇ ಮೂರು ದಿನ ದಾಟಿದ್ದರೆ 2ನೇ ಹಂತವನ್ನು ಓದಿ, 3ನ್ನು ಬಿಟ್ಟು ಸೀದಾ 4ಕ್ಕೆ ಹೋಗಿ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ: ಒಂದು ಕ್ಯಾಲೆಂಡರ್, ಒಂದು ಹಾಳೆ, ಒಂದು ಪೆನ್ನು, ಮತ್ತು 1097 ಎಂಬ ನಂಬರ್. ಇದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋದ ಉಚಿತ ಸಹಾಯವಾಣಿ.

## ಹಂತ 1: ಗಡಿಯಾರ ನೋಡಿ, ಬರೆದಿಡಿ

ಹಾಳೆಯ ಮೇಲೆ ಮೊದಲು ಸಂಪರ್ಕ ಆದ ದಿನ ಮತ್ತು ಸಮಯ ಬರೆಯಿರಿ. ಅದಕ್ಕೆ 72 ಗಂಟೆ ಕೂಡಿಸಿ. ಶನಿವಾರ ರಾತ್ರಿ 11ಕ್ಕೆ ಆಗಿದ್ದರೆ ಮಂಗಳವಾರ ರಾತ್ರಿ 11 ನಿಮ್ಮ ಗಡುವು. ಎಚ್‌ಐವಿ ಮೈಯಲ್ಲಿ ಬೇರೂರದಂತೆ ತಡೆಯುವ ಪೆಪ್ ಮಾತ್ರೆಯನ್ನು ಅಷ್ಟರೊಳಗೆ ಶುರು ಮಾಡಬೇಕು. ಆಮೇಲೆ ಕೊಟ್ಟು ಪ್ರಯೋಜನವಿಲ್ಲ. 72 ಗಂಟೆ ಇದೆ ಅಂತ ಮಂಗಳವಾರದವರೆಗೆ ಕಾಯಬೇಡಿ. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. ಮೊದಲ ಕೆಲವು ಗಂಟೆಗಳಲ್ಲೇ ಆದರೆ ಇನ್ನೂ ಉತ್ತಮ.

ಗುಪ್ತಾಂಗವನ್ನು ನೀರು ಮತ್ತು ಮಾಮೂಲಿ ಸೋಪಿನಿಂದ ಹೊರಗಿನಿಂದ ತೊಳೆದುಕೊಂಡರೆ ಸಾಕು. ಗಾಬರಿಯಲ್ಲಿ ಜನ ಡೆಟಾಲ್, ಸ್ಯಾನಿಟೈಸರ್, ನಿಂಬೆಹಣ್ಣಿನ ರಸ ಎಲ್ಲ ಹಾಕುತ್ತಾರೆ. ಅದರಿಂದ ಚರ್ಮ ಸುಟ್ಟು ಸಣ್ಣ ಗಾಯಗಳಾಗುತ್ತವೆ, ಅಪಾಯ ಹೆಚ್ಚುತ್ತದೆ ಅಷ್ಟೇ. ಯೋನಿ ಅಥವಾ ಗುದದ ಒಳಗೆ ನೀರು ಹಾಯಿಸಿ ತೊಳೆಯಲೂ ಬಾರದು.

ಗರ್ಭ ನಿಲ್ಲುವ ಸಾಧ್ಯತೆ ಇದ್ದರೆ ಅದರ ತುರ್ತು ಮಾತ್ರೆಗೂ ಇದೇ ಮೂರು ದಿನಗಳ ಲೆಕ್ಕ. ಎಚ್‌ಐವಿ ಗಾಬರಿಯಲ್ಲಿ ಇದು ಮರೆತೇ ಹೋಗುತ್ತದೆ.

## ಹಂತ 2: ಏನು ನಡೆಯಿತು ಎಂಬುದನ್ನು ಹೆಸರಿಟ್ಟು ಬರೆಯಿರಿ

'ತಪ್ಪು ಮಾಡಿಬಿಟ್ಟೆ' ಅಂತ ಬರೆದರೆ ಡಾಕ್ಟರಿಗೂ ಉಪಯೋಗವಿಲ್ಲ, ನಿಮಗೂ ಇಲ್ಲ. ಯಾವ ಬಗೆಯ ಸಂಪರ್ಕ, ಕಾಂಡೋಮ್ ಇತ್ತಾ, ಇದ್ದರೆ ಮೊದಲಿನಿಂದ ಕೊನೆಯವರೆಗೂ ಇತ್ತಾ, ಹರಿಯಿತಾ ಜಾರಿತಾ, ಹುಣ್ಣು ಅಥವಾ ರಕ್ತ ಕಂಡಿತಾ. ಇಷ್ಟು ಬರೆಯಿರಿ.

ಎಚ್‌ಐವಿ ಹರಡಲು ಎರಡು ಸಂಗತಿ ಒಟ್ಟಿಗೆ ಸೇರಬೇಕು. ವೈರಸ್ ಇರುವ ದ್ರವ ಬೇಕು, ಅಂದರೆ ರಕ್ತ, ವೀರ್ಯ, ವೀರ್ಯಕ್ಕೆ ಮೊದಲು ಬರುವ ಅಂಟು ದ್ರವ, ಯೋನಿಯ ದ್ರವ, ಗುದದೊಳಗಿನ ದ್ರವ, ಎದೆಹಾಲು. ಅದು ಒಳಗೆ ಹೋಗಲು ದಾರಿಯೂ ಬೇಕು. ಆ ದಾರಿ ಯೋನಿ, ಗುದ, ಶಿಶ್ನ ಅಥವಾ ಬಾಯಿಯ ತೆಳುಪದರ, ತೆರೆದ ಗಾಯ, ಇಲ್ಲವೇ ಸೂಜಿ. ಇವೆರಡರಲ್ಲಿ ಒಂದು ಇಲ್ಲದಿದ್ದರೂ ವೈರಸ್ ದಾಟುವುದಿಲ್ಲ.

ಆದ್ದರಿಂದ ಇವುಗಳಿಂದ ಎಚ್‌ಐವಿ ಬರುವುದಿಲ್ಲ: ತಬ್ಬಿಕೊಳ್ಳುವುದು, ಮುತ್ತು, ಮೈಗೆ ಮೈ ಉಜ್ಜುವುದು, ಕೈಯಿಂದ ಮಾಡಿದ ಅಥವಾ ಮಾಡಿಸಿಕೊಂಡ ಹಸ್ತಮೈಥುನ, ಎಂಜಲು, ಬೆವರು, ಒಂದೇ ಟವೆಲ್, ಲಾಡ್ಜಿನ ಬೆಡ್‌ಶೀಟ್, ಟಾಯ್ಲೆಟ್ ಸೀಟು, ಸೊಳ್ಳೆ. ಮಸಾಜ್‌ಗೆ ಹೋಗಿ ಕೈಯಿಂದಷ್ಟೇ ಆಯ್ತು ಎಂದು ತಿಂಗಳುಗಟ್ಟಲೆ ನಿದ್ದೆಗೆಟ್ಟವರು ಬಹಳ ಮಂದಿ. ಅವರು ಇಲ್ಲಿಗೇ ಓದು ನಿಲ್ಲಿಸಿ 7ನೇ ಹಂತಕ್ಕೆ ಹೋಗಬಹುದು.

ಇನ್ನು ನಿಜವಾಗಿ ಲೆಕ್ಕಕ್ಕೆ ಬರುವ ಸಂಪರ್ಕಗಳು. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಕೊಡುವ ಅಂದಾಜು ಹೀಗಿದೆ. ಎದುರಿನವರಿಗೆ ಎಚ್‌ಐವಿ ಇದೆ, ಅವರು ಚಿಕಿತ್ಸೆಯಲ್ಲಿಲ್ಲ, ಕಾಂಡೋಮ್ ಇಲ್ಲ ಎಂದಿಟ್ಟುಕೊಂಡರೆ, 10,000 ಬಾರಿಗೆ ಸೋಂಕು ತಗಲುವುದು:

- ಗುದ ಸಂಭೋಗ, ಒಳಗೆ ತೆಗೆದುಕೊಂಡವರಿಗೆ: 138
- ಗುದ ಸಂಭೋಗ, ಒಳಗೆ ಹಾಕಿದವರಿಗೆ: 11
- ಯೋನಿ ಸಂಭೋಗ, ಹೆಣ್ಣಿಗೆ: 8
- ಯೋನಿ ಸಂಭೋಗ, ಗಂಡಿಗೆ: 4
- ಮುಖಮೈಥುನ: ಸಂಖ್ಯೆ ಕೊಡಲಾಗದಷ್ಟು ಕಡಿಮೆ

ಈ ಅಂಕಿಗಳನ್ನು ಎರಡು ಬಗೆಯಲ್ಲಿ ತಪ್ಪಾಗಿ ಓದುತ್ತಾರೆ. '10,000ಕ್ಕೆ 4 ತಾನೇ, ಬಿಡು' ಎನ್ನುವವರು ಒಬ್ಬರು. ಒಂದೇ ಸಂಪರ್ಕದಿಂದ ಬಂದವರೂ ಇದ್ದಾರೆ, ಹಾಗಾಗಿ ಪೆಪ್ ಬೇಡ ಎಂದು ನೀವೇ ತೀರ್ಮಾನಿಸಬೇಡಿ. 'ಆ 4 ಜನರಲ್ಲಿ ನಾನೇ ಒಬ್ಬ' ಎಂದು ಎದೆ ಹಿಡಿದುಕೊಳ್ಳುವವರು ಇನ್ನೊಬ್ಬರು. ಅವರು ಮರೆಯುವುದೇನೆಂದರೆ, ಈ ಲೆಕ್ಕ ಎದುರಿನವರಿಗೆ ಎಚ್‌ಐವಿ ಇದ್ದೇ ಇದೆ ಎಂದು ಹಿಡಿದು ಮಾಡಿದ್ದು. ಭಾರತದ ವಯಸ್ಕರಲ್ಲಿ ಎಚ್‌ಐವಿ ಇರುವವರು ಸುಮಾರು 0.2%. ಕೆಲವು ಗುಂಪುಗಳಲ್ಲಿ, ಕೆಲವು ಊರುಗಳಲ್ಲಿ ಇದಕ್ಕಿಂತ ಜಾಸ್ತಿ.

ಅಪಾಯವನ್ನು ಏರಿಸುವ ಸಂಗತಿಗಳೂ ಇವೆ. ಇಬ್ಬರಲ್ಲಿ ಒಬ್ಬರಿಗೆ ಗುಪ್ತಾಂಗದಲ್ಲಿ ಹುಣ್ಣು ಇದ್ದರೆ, ಎದುರಿನವರಿಗೆ ಇತ್ತೀಚೆಗಷ್ಟೇ ಸೋಂಕು ತಗಲಿದ್ದರೆ ಅಂಕಿ ಮೇಲೇರುತ್ತದೆ. ಎದುರಿನವರು ಎಚ್‌ಐವಿ ಇದ್ದೂ ಎಆರ್‌ಟಿ ಎಂಬ ಎಚ್‌ಐವಿ ಚಿಕಿತ್ಸೆಯ ಮಾತ್ರೆ ಬಿಡದೆ ತೆಗೆದುಕೊಂಡು, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟದಲ್ಲಿದ್ದರೆ ಲೈಂಗಿಕ ಸಂಪರ್ಕದಿಂದ ಹರಡುವುದೇ ಇಲ್ಲ. ಸಾವಿರಾರು ಜೋಡಿಗಳ ಮೇಲೆ ವರ್ಷಗಟ್ಟಲೆ ನಡೆಸಿದ ಅಧ್ಯಯನಗಳಲ್ಲಿ ಇಂಥವರಿಂದ ಸಂಗಾತಿಗೆ ಬಂದದ್ದು ಒಂದೂ ಸಿಗಲಿಲ್ಲ. ಮಾತ್ರೆ ತೆಗೆದುಕೊಳ್ಳುತ್ತಿರುವ ಸೋಂಕಿತರಿಗಿಂತ, ಟೆಸ್ಟೇ ಮಾಡಿಸದೆ 'ನನಗೇನಿಲ್ಲ' ಎನ್ನುವವರಿಂದಲೇ ಅಪಾಯ ಜಾಸ್ತಿ.

ಕಾಂಡೋಮ್ ಬಗ್ಗೆ ಒಂದು ಮಾತು. ಅದು ಹರಿದರೆ ಕಣ್ಣಿಗೆ ಕಾಣುವ ಹಾಗೆ ಹರಿಯುತ್ತದೆ. ಕಣ್ಣಿಗೆ ಕಾಣದ ತೂತು ಇದ್ದಿರಬಹುದಾ ಅಂತ ಯೋಚಿಸುತ್ತಾ ಕೂರಬೇಡಿ. ಪೂರ್ತಿ ಸಮಯ ಇತ್ತು, ಹರಿಯಲಿಲ್ಲ, ಜಾರಲಿಲ್ಲ ಎಂದಾದರೆ ಪೆಪ್ ಬೇಕಾಗುವುದಿಲ್ಲ.

ಅಪರಾಧಿ ಭಾವನೆಯನ್ನು ಈ ಹಾಳೆಯಿಂದ ಹೊರಗಿಡಿ. ದುಡ್ಡು ಕೊಟ್ಟು ಹೋದದ್ದು, ಮದುವೆಯಾಗಿದ್ದೂ ಹೋದದ್ದು, ಕುಡಿದಿದ್ದು, ಇವೆಲ್ಲ ನಿಮ್ಮ ಮನಸ್ಸಿನ ಲೆಕ್ಕ. ವೈರಸ್ಸಿಗೆ ಅದು ಗೊತ್ತಿಲ್ಲ. ಎಷ್ಟು ಪಶ್ಚಾತ್ತಾಪವೋ ಅಷ್ಟು ಅಪಾಯ ಎಂಬ ಗೊಂದಲದಲ್ಲೇ ಅರ್ಧ ಜನ ಒದ್ದಾಡುತ್ತಾರೆ.

## ಹಂತ 3: 72 ಗಂಟೆಯೊಳಗೆ ಆಸ್ಪತ್ರೆ

ಕಾಂಡೋಮ್ ಇಲ್ಲದ ಯೋನಿ ಅಥವಾ ಗುದ ಸಂಭೋಗ ಆಗಿದ್ದು, ಎದುರಿನವರಿಗೆ ಎಚ್‌ಐವಿ ಇದೆ ಅಥವಾ ಇದೆಯೋ ಇಲ್ಲವೋ ಗೊತ್ತಿಲ್ಲ ಎಂದಾದರೆ ಡಾಕ್ಟರನ್ನು ಕಾಣಬೇಕು. ಪೆಪ್ ಬೇಕೋ ಬೇಡವೋ ಎಂದು ಅವರು ಹೇಳುತ್ತಾರೆ.

ಎಲ್ಲಿಗೆ ಹೋಗಬೇಕು? ಎಆರ್‌ಟಿ ಕೇಂದ್ರ ಇರುವ ಸರ್ಕಾರಿ ಆಸ್ಪತ್ರೆ ಮೊದಲ ಆಯ್ಕೆ. ಬೆಂಗಳೂರಿನ ವಿಕ್ಟೋರಿಯಾ ಮತ್ತು ಬೌರಿಂಗ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಮಂಗಳೂರಿನ ವೆನ್ಲಾಕ್ ಇಂಥವು. ಬೇರೆ ಜಿಲ್ಲೆಯವರು ಜಿಲ್ಲಾಸ್ಪತ್ರೆಯಲ್ಲಿ ಕೇಳಿ. ರಾತ್ರಿ ಅಥವಾ ಭಾನುವಾರ ಓಪಿಡಿ ಬಾಗಿಲು ಹಾಕಿರುತ್ತದೆ. ಸೋಮವಾರಕ್ಕೆ ಕಾಯದೆ ಕ್ಯಾಶುವಾಲ್ಟಿಗೆ ಹೋಗಿ. ಸಿಬ್ಬಂದಿಗೆ ಸೂಜಿ ಚುಚ್ಚಿದರೆ ಕೊಡಲೆಂದು ಇದೇ ಮಾತ್ರೆಗಳನ್ನು ಆಸ್ಪತ್ರೆಯಲ್ಲಿ ಹಗಲುರಾತ್ರಿ ಸಿಗುವಂತೆ ಇಡಬೇಕೆಂಬ ನಿಯಮವಿದೆ.

ಬಾಯಿ ಬರದೆ ವಾಪಸ್ ಬರುವವರೂ ಇದ್ದಾರೆ. ಜ್ವರ ಅಂತ ಸುಳ್ಳು ಹೇಳಿ ಪ್ಯಾರಾಸಿಟಮಾಲ್ ಹಿಡಿದು ಮನೆಗೆ ಬಂದರೆ ಏನು ಪ್ರಯೋಜನ? ಇಷ್ಟು ಹೇಳಿ ಸಾಕು: 'ಡಾಕ್ಟ್ರೇ, ಕಾಂಡೋಮ್ ಇಲ್ಲದೆ ಸಂಪರ್ಕ ಆಗಿದೆ. ಇಪ್ಪತ್ತು ಗಂಟೆ ಆಯ್ತು. ಪೆಪ್ ಬೇಕಾ ನೋಡಿ.' ಯಾರ ಜೊತೆ, ಯಾಕೆ ಎಂಬ ಕಥೆ ಬೇಕಿಲ್ಲ. ಒಪ್ಪಿಗೆಯಿಂದ ಆದ ಸಂಪರ್ಕಕ್ಕೆ ಕೆಲವು ಸರ್ಕಾರಿ ಕೇಂದ್ರಗಳಲ್ಲಿ ಹಿಂದೇಟು ಹಾಕುವುದುಂಟು. ಹಾಗಾದರೆ ಅಲ್ಲೇ ಕೈಚೆಲ್ಲಬೇಡಿ. ಖಾಸಗಿ ಫಿಸಿಶಿಯನ್ ಅಥವಾ ಚರ್ಮ ಮತ್ತು ಗುಹ್ಯರೋಗ ತಜ್ಞರಿಂದ ಚೀಟಿ ಬರೆಸಿಕೊಳ್ಳಿ.

ನಡೆದದ್ದು ಬಲಾತ್ಕಾರವಾಗಿದ್ದರೆ ಸರ್ಕಾರಿ, ಖಾಸಗಿ ಯಾವ ಆಸ್ಪತ್ರೆಯೇ ಆಗಲಿ ಉಚಿತವಾಗಿ, ತಕ್ಷಣ ಚಿಕಿತ್ಸೆ ಕೊಡಲೇಬೇಕು. ಅದು ಕಾನೂನು. ಮೊದಲು ಎಫ್‌ಐಆರ್ ತನ್ನಿ ಎನ್ನುವ ಹಾಗಿಲ್ಲ.

ಭಾರತದಲ್ಲಿ ಈಗ ಪೆಪ್ ಅಂದರೆ ಸಾಮಾನ್ಯವಾಗಿ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ. ದಿನಕ್ಕೊಂದು, 28 ದಿನ. ಶುರುವಿಗೆ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಕಿಡ್ನಿ ಟೆಸ್ಟ್‌ಗಳಿಗೆ ರಕ್ತ ತೆಗೆಯುತ್ತಾರೆ. ಅದರ ರಿಪೋರ್ಟ್ ಬರಲಿ ಎಂದು ಮೊದಲ ಮಾತ್ರೆಯನ್ನು ತಡಮಾಡಬಾರದು.

ಇಲ್ಲಿ ಆಗುವ ತಪ್ಪುಗಳು

ಹತ್ತು ದಿನ ತೆಗೆದುಕೊಂಡು 'ಚೆನ್ನಾಗಿದ್ದೀನಲ್ಲ' ಎಂದು ಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. 28 ಎಂದರೆ 28. ಒಂದು ದಿನ ಮರೆತರೆ ನೆನಪಾದ ಕೂಡಲೇ ನುಂಗಿ. ಮರುದಿನ ಎರಡೆರಡು ಒಟ್ಟಿಗೆ ಬೇಡ.

ಮಾತ್ರೆಯಿಂದ ವಾಕರಿಕೆ ಬಂದಾಗ ಗ್ಯಾಸ್ ಎಂದು ಜೆಲುಸಿಲ್, ಡೈಜೀನ್ ಕುಡಿಯುವವರಿದ್ದಾರೆ. ಅದರಲ್ಲಿರುವ ಅಲ್ಯುಮಿನಿಯಂ, ಮೆಗ್ನೀಷಿಯಂ ಡೊಲುಟೆಗ್ರಾವಿರ್ ಅನ್ನು ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಅಂಥದ್ದು ಬೇಕೇ ಬೇಕಾದರೆ, ಪೆಪ್ ಮಾತ್ರೆ ನುಂಗಿ 2 ಗಂಟೆ ಆದ ಮೇಲೆ ತೆಗೆದುಕೊಳ್ಳಿ. ಅಂಟಾಸಿಡ್ ಮೊದಲೇ ಕುಡಿದಿದ್ದರೆ ಪೆಪ್ ಮಾತ್ರೆಗೆ 6 ಗಂಟೆ ಬಿಡಬೇಕು. ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಟಿಬಿ ಔಷಧಿ, ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಿಗೆ ಮೊದಲೇ ಹೇಳಬೇಕು. ಕಿಡ್ನಿ ತೊಂದರೆ ಇದ್ದರೂ ಅಷ್ಟೇ.

ಎಚ್ಚರಿಕೆಯ ಗುರುತುಗಳು: ಮೈತುಂಬ ಗುಳ್ಳೆ, ಮುಖ ಊತ, ಕಣ್ಣು ಹಳದಿ, ನಿಲ್ಲದ ವಾಂತಿ. ಇವು ಕಂಡರೆ ಅದೇ ದಿನ ಆಸ್ಪತ್ರೆಗೆ. ತಲೆನೋವು, ಸ್ವಲ್ಪ ವಾಕರಿಕೆ, ನಿದ್ದೆ ಬಾರದಿರುವುದು ಸಾಮಾನ್ಯ.

## ಹಂತ 4: ಟೆಸ್ಟಿನ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ

ಸೋಂಕು ತಗಲಿದ ಮರುದಿನವೇ ಟೆಸ್ಟಿಗೆ ಸಿಗುವುದಿಲ್ಲ. ಆ ನಡುವಿನ ಕಾಲಕ್ಕೆ ವಿಂಡೋ ಪೀರಿಯಡ್ ಎನ್ನುತ್ತಾರೆ. ಟೆಸ್ಟಿನ ಬಗೆಯ ಮೇಲೆ ಅದು ಬದಲಾಗುತ್ತದೆ.

ಮೊದಲ ವಾರ: ಒಂದು ಟೆಸ್ಟ್. ಇದು ಈ ಘಟನೆಯ ಬಗ್ಗೆ ಏನೂ ಹೇಳುವುದಿಲ್ಲ. ಅದಕ್ಕೂ ಮೊದಲು ನಿಮಗೆ ಸೋಂಕು ಇತ್ತೇ ಎಂದಷ್ಟೇ ಹೇಳುತ್ತದೆ. ಇದು ನೆಗೆಟಿವ್ ಬಂತೆಂದು ಕುಣಿಯಬೇಡಿ.

45ನೇ ದಿನ: ಲ್ಯಾಬಿನಲ್ಲಿ ತೋಳಿನ ನಾಳದಿಂದ ರಕ್ತ ತೆಗೆದು ಮಾಡುವ ಫೋರ್ತ್ ಜನರೇಷನ್ ಟೆಸ್ಟ್. ಇದು ವೈರಸ್ಸಿನ ಪಿ24 ಎಂಬ ತುಣುಕು ಮತ್ತು ಮೈಯ ಪ್ರತಿಕಾಯ ಎರಡನ್ನೂ ಹುಡುಕುತ್ತದೆ. 18ರಿಂದ 45 ದಿನಗಳೊಳಗೆ ಸೋಂಕು ಇದರಲ್ಲಿ ಕಾಣಿಸಿಕೊಳ್ಳುತ್ತದೆ. ಪೆಪ್ ತೆಗೆದುಕೊಳ್ಳದವರಿಗೆ ಈ ದಿನದ ನೆಗೆಟಿವ್ ತುಂಬಾ ಗಟ್ಟಿ ಉತ್ತರ.

90ನೇ ದಿನ: ಬೆರಳು ಚುಚ್ಚಿ ಮಾಡುವ ರ‍್ಯಾಪಿಡ್ ಟೆಸ್ಟ್‌ಗೆ 23ರಿಂದ 90 ದಿನ ಬೇಕು. ಐಸಿಟಿಸಿ ಎಂಬ ಸರ್ಕಾರಿ ಪರೀಕ್ಷಾ ಕೇಂದ್ರದಲ್ಲಿ ಮಾಡಿಸುವವರು ಮೂರು ತಿಂಗಳ ದಿನವನ್ನು ಕೊನೆಯದಾಗಿ ಇಟ್ಟುಕೊಳ್ಳಿ.

ವೈರಸ್ಸಿನ ವಂಶವಾಹಿಯಾದ ಆರ್‌ಎನ್‌ಎಯನ್ನೇ ಹುಡುಕುವ ಎನ್‌ಎಟಿ ಟೆಸ್ಟ್ 10ರಿಂದ 33 ದಿನಗಳಲ್ಲಿ ಹಿಡಿಯುತ್ತದೆ. ದುಬಾರಿ. ಡಾಕ್ಟರ್ ಹೇಳಿದರೆ ಮಾತ್ರ ಸಾಕು.

ಪೆಪ್ ತೆಗೆದುಕೊಂಡವರ ಲೆಕ್ಕ ಬೇರೆ. ಮಾತ್ರೆ ಸೋಂಕನ್ನು ತಡೆಯದೆ ಬರೀ ಅದುಮಿಟ್ಟಿದ್ದರೆ ಟೆಸ್ಟಿನಲ್ಲಿ ಕಾಣುವುದೂ ತಡವಾಗಬಹುದು. ಸಾಮಾನ್ಯವಾಗಿ 6 ವಾರಕ್ಕೆ ಒಮ್ಮೆ, 3 ತಿಂಗಳಿಗೆ ಒಮ್ಮೆ ಕರೆಯುತ್ತಾರೆ. 6 ತಿಂಗಳಿಗೆ ಇನ್ನೊಮ್ಮೆ ಕರೆಯುವುದೂ ಉಂಟು. ನಿಮ್ಮ ಡಾಕ್ಟರ್ ಕೊಟ್ಟ ದಿನಗಳನ್ನೇ ಬರೆದುಕೊಳ್ಳಿ.

ಐಸಿಟಿಸಿ ಎಂದರೆ ಸರ್ಕಾರಿ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ. ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಇರುತ್ತದೆ. ಟೆಸ್ಟ್ ಉಚಿತ. ನಿಮ್ಮ ಒಪ್ಪಿಗೆಯಿಲ್ಲದೆ ಟೆಸ್ಟ್ ಮಾಡುವಂತಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ. 2017ರ ಎಚ್‌ಐವಿ ಕಾಯ್ದೆಯಲ್ಲಿ ಹೀಗೆ ಬರೆದಿದೆ. ಪರಿಚಯದವರು ನೋಡಿಬಿಟ್ಟಾರು ಎಂಬ ಹೆದರಿಕೆ ಇದ್ದರೆ ಪಕ್ಕದ ತಾಲ್ಲೂಕಿಗೆ ಹೋಗಿ ಮಾಡಿಸಿ, ಯಾರೂ ತಡೆಯುವುದಿಲ್ಲ.

ಸಿಫಿಲಿಸ್, ಗೊನೊರಿಯಾ ಇತ್ಯಾದಿಗಳನ್ನು ಜನ ಪೂರ್ತಿ ಮರೆಯುತ್ತಾರೆ. ಎಚ್‌ಐವಿಗಿಂತ ಸುಲಭವಾಗಿ ಹರಡುವುದು ಅವೇ. ಮುಖಮೈಥುನದಿಂದಲೂ ಬರುತ್ತವೆ. ಮೂತ್ರ ಉರಿ, ಕೀವು, ಹುಣ್ಣು, ತೊಡೆಸಂದಿಯಲ್ಲಿ ಗಡ್ಡೆ ಕಂಡರೆ ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ಗೆ ಹೋಗಿ. ನೋವಿಲ್ಲದ ಹುಣ್ಣು ತಾನೇ ಮಾಯವಾಯ್ತು ಎಂದು ಸುಮ್ನೆ ಇರಬೇಡಿ. ಸಿಫಿಲಿಸ್ ಹಾಗೇ ಒಳಗೆ ಕೂರುತ್ತದೆ.

## ಹಂತ 5: ಕಾಯುವ ದಿನಗಳಲ್ಲಿ ಮಾಡಬೇಕಾದ್ದು, ಮಾಡಬಾರದ್ದು

ಕೊನೆಯ ಟೆಸ್ಟ್ ಬರುವವರೆಗೆ ಹೆಂಡತಿ, ಗಂಡ, ಸಂಗಾತಿ ಯಾರೇ ಆಗಲಿ ಕಾಂಡೋಮ್ ಬಳಸಿ. ಇದ್ದಕ್ಕಿದ್ದಂತೆ ಕಾಂಡೋಮ್ ತಂದರೆ ಅನುಮಾನ ಬರುತ್ತದಲ್ಲ, ಇದು ಹಲವರ ನಿಜವಾದ ಕಷ್ಟ. ಹೇಗೆ ಹೇಳುವುದು ಎಂದು ಐಸಿಟಿಸಿಯ ಆಪ್ತ ಸಮಾಲೋಚಕರ ಹತ್ತಿರ ಕೂತು ಮಾತಾಡಿ. ಅವರ ಕೆಲಸವೇ ಅದು. ಮಗುವಿಗೆ ಹಾಲುಣಿಸುವ ತಾಯಿ ಮೊದಲ ದಿನವೇ ಡಾಕ್ಟರಿಗೆ ತಿಳಿಸಬೇಕು.

ಟೆಸ್ಟ್ ಪುಕ್ಕಟೆ ಆಗುತ್ತದೆಂದು ರಕ್ತದಾನ ಶಿಬಿರಕ್ಕೆ ಹೋಗುವ ಐಡಿಯಾ ಯಾರಾದರೂ ಕೊಟ್ಟರೆ ಕೇಳಬೇಡಿ. ವಿಂಡೋ ಪೀರಿಯಡ್‌ನಲ್ಲಿ ಆ ರಕ್ತದ ಟೆಸ್ಟ್ ಕ್ಲಿಯರ್ ಬಂದು, ಬಾಟಲಿ ಇನ್ನೊಬ್ಬರ ಮೈಗೆ ಹೋಗಬಹುದು.

ಮನೆಯವರ ಜೊತೆ ಒಂದೇ ತಟ್ಟೆಯಲ್ಲಿ ಊಟ, ಮಕ್ಕಳಿಗೆ ಮುತ್ತು, ಒಂದೇ ಬಾತ್‌ರೂಮು, ಯಾವುದಕ್ಕೂ ತಡೆಯಿಲ್ಲ.

ಈಗ ಲಕ್ಷಣಗಳ ವಿಷಯ. ಎಚ್‌ಐವಿಯ ಆರಂಭದ ಜ್ವರ ಸಾಮಾನ್ಯವಾಗಿ 2ರಿಂದ 4 ವಾರಕ್ಕೆ ಬರುತ್ತದೆ. ಜ್ವರ, ಗಂಟಲು ನೋವು, ಮೈಮೇಲೆ ಕೆಂಪು ಗುಳ್ಳೆ, ಕುತ್ತಿಗೆಯಲ್ಲಿ ಗಂಟು, ಮೈಕೈ ನೋವು. ಓದುವಾಗಲೇ ಗೊತ್ತಾಯಿತಲ್ಲ, ಡೆಂಗಿಗೂ, ಫ್ಲೂಗೂ, ಮಳೆಗಾಲದ ವೈರಲ್ ಜ್ವರಕ್ಕೂ ಇದೇ ಪಟ್ಟಿ. ಸೋಂಕು ಬಂದ ಎಲ್ಲರಿಗೂ ಜ್ವರ ಬರುವುದೂ ಇಲ್ಲ. ಹಾಗಾಗಿ ಲಕ್ಷಣ ಇದೆ ಎಂದ ಮಾತ್ರಕ್ಕೆ ಎಚ್‌ಐವಿ ಎಂದಲ್ಲ, ಇಲ್ಲ ಎಂದ ಮಾತ್ರಕ್ಕೆ ಪಾರಾದೆವು ಎಂದೂ ಅಲ್ಲ. ಸಂಪರ್ಕ ಆದ ಮೂರನೇ ದಿನವೇ ಜ್ವರ, ಭೇದಿ ಶುರುವಾದರೆ ಅದು ಹೆಚ್ಚಾಗಿ ಗಾಬರಿಯದ್ದು ಇಲ್ಲವೇ ಬೇರೆ ಕಾಯಿಲೆಯದ್ದು. ನಿಜವಾಗಿ ಅಪಾಯದ ಸಂಪರ್ಕ ಆಗಿದ್ದು ಮೂರನೇ ವಾರದಲ್ಲಿ ಜ್ವರ, ಗುಳ್ಳೆ ಒಟ್ಟಿಗೆ ಬಂದರೆ ಮಾತ್ರ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಟೆಸ್ಟ್ ಬೇಗ ಮಾಡಿಸುತ್ತಾರೆ.

## ಹಂತ 6: ರಿಪೋರ್ಟ್ ಓದುವುದು

'ನಾನ್-ರಿಯಾಕ್ಟಿವ್' ಎಂದರೆ ನೆಗೆಟಿವ್. ಅದರ ಪಕ್ಕದಲ್ಲಿ 0.14, 0.22 ಎಂದೇನೋ ಅಂಕಿ ಇರುತ್ತದೆ, 1.00ಕ್ಕಿಂತ ಕಡಿಮೆ ಎಂದು ಬರೆದಿರುತ್ತದೆ. ಹೋದ ತಿಂಗಳು 0.14 ಇತ್ತು, ಈಗ 0.22 ಆಗಿದೆ, ಸೋಂಕು ಬೆಳೆಯುತ್ತಿದೆ ಎಂದು ಅಳುವವರು ಇದ್ದಾರೆ. ಹಾಗಲ್ಲ. ಅದು ಯಂತ್ರದ ಓದು, ಅದೇ ರಕ್ತವನ್ನು ಎರಡು ಸಲ ಇಟ್ಟರೂ ಸ್ವಲ್ಪ ಏರುಪೇರಾಗುತ್ತದೆ. ಗಡಿಗಿಂತ ಕೆಳಗಿದ್ದರೆ ನೆಗೆಟಿವ್, ಅಷ್ಟೇ.

'ರಿಯಾಕ್ಟಿವ್' ಎಂದು ಒಂದು ಕಿಟ್‌ನಲ್ಲಿ ಬಂದರೆ ಅದೇ ಕೊನೆಯ ಮಾತಲ್ಲ. ತಪ್ಪಾಗಿ ರಿಯಾಕ್ಟಿವ್ ತೋರಿಸುವುದುಂಟು. ಐಸಿಟಿಸಿಯಲ್ಲಿ ಬೇರೆ ಬೇರೆ ಬಗೆಯ ಮೂರು ಕಿಟ್‌ಗಳಲ್ಲಿ ನೋಡಿ ಆಮೇಲೆ ಹೇಳುತ್ತಾರೆ. ಖಾಸಗಿ ಲ್ಯಾಬಿನ ರಿಪೋರ್ಟ್ ಹಿಡಿದು ಸೀದಾ ಅಲ್ಲಿಗೆ ಹೋಗಿ. ಖಚಿತವಾದರೆ ಎಆರ್‌ಟಿ ಕೇಂದ್ರದಲ್ಲಿ ಉಚಿತವಾಗಿ ಮಾತ್ರೆ ಶುರು ಮಾಡುತ್ತಾರೆ. ಬೇಗ ಶುರು ಮಾಡಿ, ಬಿಡದೆ ತೆಗೆದುಕೊಂಡವರು ಹತ್ತಿರಹತ್ತಿರ ಎಲ್ಲರಷ್ಟೇ ಕಾಲ ಬದುಕುತ್ತಾರೆ, ಮದುವೆಯಾಗಿ ಸೋಂಕಿಲ್ಲದ ಮಕ್ಕಳನ್ನೂ ಪಡೆಯುತ್ತಾರೆ.

## ಹಂತ 7: ಟೆಸ್ಟ್ ಮುಗಿದರೂ ಭಯ ಮುಗಿಯದಿದ್ದರೆ

ಹಾಳೆಯ ಕೊನೆಯಲ್ಲಿ ಒಂದು ಸಾಲು ಬರೆಯಿರಿ: 'ಈ ದಿನಾಂಕದ ಟೆಸ್ಟ್ ಕೊನೆಯದು.' ಇದನ್ನು ಕಾಯುವ ಮೊದಲ ವಾರದಲ್ಲೇ ಬರೆಯಬೇಕು. ಆಮೇಲೆ ಬರೆಯಲು ಮನಸ್ಸು ಒಪ್ಪುವುದಿಲ್ಲ.

ಭಯವನ್ನು ಬೆಳೆಸುವುದು ನಾವು ಮಾಡುವ ಪರಿಶೀಲನೆಗಳೇ. ದಿನಕ್ಕೆ ಹತ್ತು ಸಲ ಕುತ್ತಿಗೆಯ ಗ್ರಂಥಿ ಒತ್ತಿ ನೋಡಿದರೆ ಅದು ನೋಯಲೇಬೇಕು. ಕನ್ನಡಿ ಮುಂದೆ ಟಾರ್ಚ್ ಹಿಡಿದು ನಾಲಗೆ ನೋಡಿದರೆ ಯಾರ ನಾಲಗೆಯಲ್ಲೂ ಬಿಳಿ ಕಾಣುತ್ತದೆ. ಎದೆ ಬಡಿತ, ರಾತ್ರಿ ಬೆವರು, ಭೇದಿ, ಊಟ ಸೇರದೆ ತೂಕ ಇಳಿಯುವುದು, ಇವನ್ನೆಲ್ಲ ಆತಂಕ ಒಂದೇ ತಂದುಕೊಡಬಲ್ಲದು. ಹೊಸ ಟೆಸ್ಟ್ ಕೊಡುವ ಸಮಾಧಾನ ಎರಡು ದಿನ ಬಾಳುತ್ತದೆ. ಮೂರನೇ ದಿನ 'ಲ್ಯಾಬಿನವರು ಸ್ಯಾಂಪಲ್ ಅದಲುಬದಲು ಮಾಡಿರಬಹುದಾ' ಶುರು.

ಹೀಗೆ ಮಾಡಿ. ಲಕ್ಷಣ ಹುಡುಕುವುದನ್ನು ನಿಲ್ಲಿಸಿ, ಒಮ್ಮೆಗೇ ಆಗದಿದ್ದರೆ ದಿನಕ್ಕೊಂದು ಸಲಕ್ಕೆ ಇಳಿಸಿ. ಚಿಂತೆಗೆ ಸಂಜೆ ಇಪ್ಪತ್ತು ನಿಮಿಷ ಗೊತ್ತುಮಾಡಿ, ಉಳಿದ ಹೊತ್ತಿನಲ್ಲಿ ಬಂದರೆ 'ಸಂಜೆ ನೋಡೋಣ' ಎಂದು ಮುಂದೆ ತಳ್ಳಿ. ಗ್ರಂಥಿ ಮುಟ್ಟುವ ಕೈಗೆ ಬೇರೆ ಕೆಲಸ ಕೊಡಿ. ತಮಾಷೆ ಅಲ್ಲ, ಒಂದು ತೆಂಗಿನಕಾಯಿ ಸುಲಿದರೂ ನಡೆಯುತ್ತದೆ.

ಕೊನೆಯ ಟೆಸ್ಟ್ ನೆಗೆಟಿವ್ ಬಂದು ತಿಂಗಳಾದರೂ ನಂಬಲಾಗದಿದ್ದರೆ ತೊಂದರೆ ಇರುವುದು ರಕ್ತದಲ್ಲಲ್ಲ, ಆತಂಕದಲ್ಲಿ. ಅದಕ್ಕೂ ಚಿಕಿತ್ಸೆ ಇದೆ, ಚೆನ್ನಾಗಿ ಕೆಲಸ ಮಾಡುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲಿ ಮಾತಾಡುತ್ತಾರೆ, ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ಗೂ ಹೋಗಬಹುದು. ಜಿಲ್ಲಾಸ್ಪತ್ರೆಯ ಮನೋವೈದ್ಯರೂ ಆದೀತು.

ತಡ ಮಾಡಬಾರದ ಗುರುತುಗಳು: ವಾರಗಟ್ಟಲೆ ನಿದ್ದೆ ಇಲ್ಲದಿರುವುದು, ಕೆಲಸಕ್ಕೆ ಹೋಗಲಾಗದಿರುವುದು, ಭಯ ಮರೆಯಲು ಕುಡಿತ ಶುರುವಾಗುವುದು. ಸಾಯುವ ಯೋಚನೆ ಬಂದರೆ ಬೆಳಗಾಗಲಿ ಎನ್ನಬೇಡಿ. ಆ ಕ್ಷಣವೇ 14416ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದವರೊಬ್ಬರನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿ.

## ಹಂತ 8: ಇದೇ ಮತ್ತೆ ಆಗುವ ಸಾಧ್ಯತೆ ಇದ್ದರೆ

ವರ್ಷಕ್ಕೆ ಎರಡು ಮೂರು ಸಲ ಪೆಪ್ ಕೇಳಿಕೊಂಡು ಓಡುವ ಸ್ಥಿತಿ ಇದ್ದರೆ ಡಾಕ್ಟರ ಹತ್ತಿರ ಪ್ರೆಪ್ ಬಗ್ಗೆ ಕೇಳಿ. ಇದು ಸಂಪರ್ಕಕ್ಕೆ ಮೊದಲೇ ತೆಗೆದುಕೊಳ್ಳುವ ಮಾತ್ರೆ. ಟೆಸ್ಟ್ ಮಾಡಿಸಿ, ನೆಗೆಟಿವ್ ಎಂದು ಗೊತ್ತಾದ ಮೇಲೆಯೇ ಶುರು ಮಾಡಬೇಕು. ಅಂಗಡಿಯಿಂದ ತಾವೇ ತಂದು ನುಂಗುವ ಮಾತ್ರೆಯಲ್ಲ.

ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಈಗಲೇ ಹಾಕಿಸಿಕೊಳ್ಳಿ. ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಆ ಹೊತ್ತಿಗೆ ಭಯವೆಲ್ಲ ಇಳಿದಿರುತ್ತದೆ, ಮೂರನೇ ಡೋಸ್ ಮರೆತುಹೋಗುತ್ತದೆ. ಅದೇ ಕ್ಯಾಲೆಂಡರ್‌ನಲ್ಲಿ ಅದನ್ನೂ ಗುರುತು ಹಾಕಿ.